ಕೆಫೆಯ ಬೆಕ್ಕನ್ನು ಒಂದು ಗಂಟೆಯಲ್ಲಿ ಅರಿಯಬಹುದೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಎಂಟು ವರ್ಷದ ಮಗಳು ಬೆಕ್ಕು ಬೇಕೆಂದು ಹಟ ಹಿಡಿದಿದ್ದಾಳೆ. ದತ್ತು ಕೊಡುವ ಬೆಕ್ಕುಗಳ ನಡುವೆ ಕುಳಿತು ಹೊತ್ತು ಕಳೆಯುವ ಕೆಫೆಯೊಂದು ಓಕ್‌ಲ್ಯಾಂಡ್‌ನಲ್ಲಿದೆ ಎಂದು ಅವಳ ಗೆಳತಿ ಹೇಳಿದ್ದಾಳೆ. ಅಲ್ಲಿಗೆ ಒಮ್ಮೆ ಹೋಗಿ, ಮಗಳ ಬಳಿ ತಾನಾಗಿ ಬಂದ ಬೆಕ್ಕನ್ನೇ ಮನೆಗೆ ತರೋಣ ಎಂದು ನನ್ನ ಪತಿ ಹೇಳುತ್ತಾರೆ. ನಾನು ನಾಲ್ಕು ತಿಂಗಳ ಗರ್ಭಿಣಿ. ಹಾಸನದಿಂದ ಬಂದಿರುವ ಅತ್ತೆಯವರಿಗೆ ಉಬ್ಬಸವಿದ್ದು, ಬೆಕ್ಕಿನ ಕೂದಲು ತಮಗೆ ಆಗದು ಎನ್ನುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಹೋಗುವುದು ಸರಿಯೇ? ಹೋದರೆ ಏನನ್ನು ಗಮನಿಸಬೇಕು? ದಿನವಿಡೀ ಅಪರಿಚಿತರ ಕೈಗೆ ಸಿಗುವುದು ಆ ಬೆಕ್ಕುಗಳಿಗೆ ಹಿಂಸೆಯಲ್ಲವೇ?

ಉತ್ತರ: ಹೋಗಿ ಬನ್ನಿ; ಆದರೆ ಬೆಕ್ಕನ್ನು ತರುವ ಬುಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೊದಲ ಭೇಟಿಯಲ್ಲೇ ಆಯ್ಕೆಯನ್ನೂ ಮುಗಿಸಬೇಕೆಂಬ ನಿಮ್ಮ ಪತಿಯವರ ಯೋಚನೆಯನ್ನು ಬಿಟ್ಟರೆ ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸುವಂಥದ್ದೇನೂ ಇಲ್ಲ. ಗರ್ಭಧಾರಣೆ, ಉಬ್ಬಸ, ಸಸ್ಯಾಹಾರ ಈ ಮೂರಕ್ಕೂ ದಾರಿಗಳಿವೆ. ಅವುಗಳಲ್ಲಿ ಉಬ್ಬಸದ ದಾರಿ ಮಾತ್ರ ಸ್ವಲ್ಪ ಇಕ್ಕಟ್ಟಿನದು.

ಬೆಕ್ಕಿನ ಕೆಫೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ನಡೆಯುತ್ತಿವೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. 1998ರಲ್ಲಿ ತೈವಾನಿನ ತೈಪೆಯಲ್ಲಿ ಆರಂಭವಾದದ್ದು ಇಂಥ ಕೆಫೆಗಳಲ್ಲಿ ಮೊದಲನೆಯದು. ಅಲ್ಲಿಗೆ ಬರುತ್ತಿದ್ದ ಜಪಾನಿ ಪ್ರವಾಸಿಗರ ಮೂಲಕ ಈ ಕಲ್ಪನೆ 2004ರಲ್ಲಿ ಒಸಾಕಾ ಸೇರಿತು. ಸಾಕುಪ್ರಾಣಿಗಳಿಗೆ ಅವಕಾಶವೇ ಇಲ್ಲದ ಬಾಡಿಗೆ ಮನೆಗಳಲ್ಲಿ ಬದುಕುವ ಟೋಕಿಯೊ ನಗರದವರಂತೂ ಅದನ್ನು ಎರಡೂ ಕೈಗಳಿಂದ ಬರಮಾಡಿಕೊಂಡರು. ಆ ಮಾದರಿಯಲ್ಲಿ ಬೆಕ್ಕುಗಳು ಕೆಫೆಯ ಖಾಯಂ ನಿವಾಸಿಗಳು. ಗಿರಾಕಿಗಳು ಗಂಟೆಗಿಷ್ಟು ಎಂದು ಹಣ ಕೊಟ್ಟು ಅವುಗಳ ಸಹವಾಸವನ್ನು ಪಡೆದು ಮನೆಗೆ ಮರಳುತ್ತಾರೆ. ನೀವು ಹೋಗಬಯಸುವ ಕೆಫೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಬೆಕ್ಕು ಬೇಗ ಹೊರಟುಹೋದಷ್ಟೂ ಕೆಫೆ ಗೆದ್ದಂತೆ.

ಓಕ್‌ಲ್ಯಾಂಡ್‌ನ ಕ್ಯಾಟ್ ಟೌನ್ ಎಂಬ ಸಂಸ್ಥೆ 2011ರಲ್ಲಿ ಆರಂಭವಾದಾಗ ಅದಕ್ಕೆ ಕೆಫೆ ಇರಲಿಲ್ಲ. ನಗರದ ಸರ್ಕಾರಿ ಪ್ರಾಣಿ ಆಶ್ರಯಧಾಮದ ಗೂಡುಗಳಲ್ಲಿ ಹೆದರಿ ಮೂಲೆ ಸೇರಿದ, ವಯಸ್ಸಾದ, ಕಾಯಿಲೆಯಿಂದ ಬಳಲಿದ ಬೆಕ್ಕುಗಳನ್ನು, ಅಂದರೆ ನೋಡಲು ಬಂದವರು ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುತ್ತಿದ್ದ ಬೆಕ್ಕುಗಳನ್ನು, ಸ್ವಯಂಸೇವಕರ ಮನೆಗಳಲ್ಲಿ ಕೆಲಕಾಲ ಇರಿಸಿ, ಸುಧಾರಿಸಿದ ಮೇಲೆ ದತ್ತು ಕೊಡುವುದು ಅದರ ಕೆಲಸವಾಗಿತ್ತು. 2014ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ತೆರೆದ ಕೆಫೆಯನ್ನು ಅಮೆರಿಕದ ಮೊದಲ ಶಾಶ್ವತ ಬೆಕ್ಕಿನ ಕೆಫೆ ಎಂದು ಗುರುತಿಸುತ್ತಾರೆ. ಆಗ ಅಲ್ಲಿ ಕಾಫಿ ಕುಡಿಯುವ ಜಾಗ ಒಂದೆಡೆ, ಓಕ್‌ಲ್ಯಾಂಡಿನದೇ ಕಟ್ಟಡಗಳ ಪುಟ್ಟ ಪ್ರತಿರೂಪಗಳನ್ನು ಹತ್ತಿಳಿಯುತ್ತ ಬೆಕ್ಕುಗಳು ಓಡಾಡುವ ಕೋಣೆ ಇನ್ನೊಂದೆಡೆ ಇದ್ದವು. ಆಹಾರ ತಯಾರಿಸುವಲ್ಲಿ ಪ್ರಾಣಿಗಳು ಸುಳಿಯಬಾರದು ಎಂಬ ಆರೋಗ್ಯ ಇಲಾಖೆಯ ನಿಯಮದಿಂದಾಗಿ ನಡುವೆ ಗೋಡೆ ಬಂತು. ಈ ಗೋಡೆಯಿಂದ ಬೆಕ್ಕುಗಳಿಗೇ ಹೆಚ್ಚು ಲಾಭವಾಯಿತೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಿಸ್ಕತ್ತಿನ ಆಸೆಗೆ ಬಂದ ಬೆಕ್ಕನ್ನು ಪ್ರೀತಿಗೆ ಬಂದಿತೆಂದು ತಪ್ಪು ತಿಳಿಯುವ ಸಂದರ್ಭ ಅಲ್ಲಿ ಒದಗುವುದಿಲ್ಲ. ಇಂಥ ಕಡೆಗಳಲ್ಲಿ ಸಮಯವನ್ನು ಮುಂಚಿತವಾಗಿ ಕಾಯ್ದಿರಿಸಬೇಕಾಗುತ್ತದೆ, ಮಕ್ಕಳಿಗೆ ವಯೋಮಿತಿಯೂ ಇರುವುದುಂಟು. ಕೋವಿಡ್ ನಂತರ ಹಲವು ಕೆಫೆಗಳು ತಮ್ಮ ಪದ್ಧತಿಗಳನ್ನು ಬದಲಿಸಿಕೊಂಡಿವೆ. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ.

ಹಿಂಸೆಯ ಪ್ರಶ್ನೆಗೆ ಬರುತ್ತೇನೆ. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಜಪಾನಿನಲ್ಲಿ ರಾತ್ರಿ ಎಂಟರ ನಂತರ ನಾಯಿ ಬೆಕ್ಕುಗಳನ್ನು ಪ್ರದರ್ಶನಕ್ಕಿಡುವುದನ್ನು 2012ರಲ್ಲಿ ನಿರ್ಬಂಧಿಸಿದಾಗ, ಕೆಲಸ ಮುಗಿಸಿ ಬರುವ ಗಿರಾಕಿಗಳನ್ನೇ ನಂಬಿದ್ದ ಕೆಫೆಗಳವರು ಆಕ್ಷೇಪವೆತ್ತಿ, ಬೆಳೆದ ಬೆಕ್ಕುಗಳ ಮಟ್ಟಿಗೆ ಹತ್ತು ಗಂಟೆಯವರೆಗೆ ವಿನಾಯಿತಿ ಪಡೆದರು. ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ರಿಸುವ ಪ್ರಾಣಿಯನ್ನು ನಮ್ಮ ಬಿಡುವಿನ ವೇಳೆಗೆ ಎಚ್ಚರವಾಗಿಡುವುದು ನ್ಯಾಯವಲ್ಲ. ಆದರೆ ದತ್ತು ಕೆಫೆಯ ಬೆಕ್ಕನ್ನು ತೂಗಬೇಕಾದದ್ದು ನಿಮ್ಮ ಮನೆಯ ಸೋಫಾದ ಮೇಲೆ ಮಲಗಿದ ಬೆಕ್ಕಿನ ಜೊತೆಗಲ್ಲ, ಆಶ್ರಯಧಾಮದ ಗೂಡಿನೊಳಗೆ, ನಾಯಿಗಳ ಬೊಗಳುವಿಕೆಯ ನಡುವೆ, ಮಲಮೂತ್ರಕ್ಕೆಂದು ಇಟ್ಟ ಕಸದ ತಟ್ಟೆಯಲ್ಲೇ ಮುದುಡಿ ಕುಳಿತ ಬೆಕ್ಕಿನ ಜೊತೆಗೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ ಹತ್ತಕ್ಕೆ ಅವಿತುಕೊಳ್ಳಲು ಪೆಟ್ಟಿಗೆ ಕೊಟ್ಟು ಒಂಬತ್ತಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಮೊದಲ ಕೆಲವು ದಿನಗಳಲ್ಲೇ ಸ್ಪಷ್ಟವಾಗಿ ಹೆಚ್ಚು ಶಾಂತವಾದವು. ಬೆಕ್ಕಿಗೆ ಅವಿತುಕೊಳ್ಳುವ ಜಾಗ ಸಿಕ್ಕುವುದೆಂದರೆ ಅರ್ಧ ಧೈರ್ಯ ಬಂದಂತೆ.

ಹಾಗಾಗಿ ಕೆಫೆಯೊಳಗೆ ಕಾಲಿಟ್ಟ ಕೂಡಲೇ ಬೆಕ್ಕುಗಳನ್ನು ಎಣಿಸಬೇಡಿ, ಅವು ಹೋಗಬಹುದಾದ ದಾರಿಗಳನ್ನು ಎಣಿಸಿ. ಕೈಗೆಟುಕದ ಎತ್ತರದಲ್ಲಿ ಹಲಗೆಗಳಿವೆಯೇ, ಜನರಿಗೆ ಪ್ರವೇಶವಿಲ್ಲದ ಕೋಣೆಯೊಂದಕ್ಕೆ ಪುಟ್ಟ ಬಾಗಿಲಿದೆಯೇ, ಒಂದು ಹೊತ್ತಿಗೆ ಎಷ್ಟು ಜನ ಎಂಬ ಮಿತಿಯನ್ನು ಪಾಲಿಸುತ್ತಿದ್ದಾರೆಯೇ, ಮಲಗಿದ ಬೆಕ್ಕನ್ನು ಮಗುವೊಂದು ಎತ್ತಲು ಹೋದಾಗ ಸಿಬ್ಬಂದಿ ತಡೆಯುತ್ತಾರೆಯೇ ಎಂದು ನೋಡಿ. ನೀರು, ಆಹಾರ ಇರುವಲ್ಲಿಂದ ದೂರದಲ್ಲಿ ಕಸದ ತಟ್ಟೆಗಳಿರಬೇಕು ಮತ್ತು ವಾಸನೆ ಮೂಗಿಗೆ ಬಡಿಯಬಾರದು. ಬೆಕ್ಕುಗಳಿಗೆ ನಮ್ಮಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ ಕೆಫೆ ಎಷ್ಟೇ ಅಂದವಾಗಿದ್ದರೂ ಅಲ್ಲಿ ಕೂರಬೇಡಿ; ಕೊಟ್ಟ ಹಣ ಹೋದರೆ ಹೋಗಲಿ.

ಈಗ ನಿಮ್ಮ ಪತಿಯವರ ನಿಯಮ. ತಾನಾಗಿ ಬಂದ ಬೆಕ್ಕು ನಮ್ಮನ್ನು ಆರಿಸಿಕೊಂಡಿತು ಎಂಬ ಮಾತು ಕೇಳಲು ಇಂಪಾಗಿದೆ, ಆದರೆ ನನ್ನ ವೃತ್ತಿಯಲ್ಲಿ ಈ ಮಾತಿನ ಬೆನ್ನ ಹಿಂದೆಯೇ ದೂರುಗಳು ಬರುವುದನ್ನೂ ಕಂಡಿದ್ದೇನೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದ ತನಕ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿ ಮುಂದೆ ಬಹುಮಟ್ಟಿಗೆ ಎಲ್ಲ ಅಪರಿಚಿತರ ಬಳಿಗೂ ಹೋಗುತ್ತದೆ. ಅದು ನಿಮ್ಮ ಮಗಳ ಬಳಿ ಬಂದದ್ದು ನಿಜ, ಆದರೆ ಹತ್ತು ನಿಮಿಷದ ಹಿಂದೆ ಇನ್ನೊಬ್ಬರ ಬಳಿಗೂ ಹೋಗಿತ್ತು. ಅಂಥ ಬೆಕ್ಕು ಒಳ್ಳೆಯದೇ. ಆದರೆ ಅದಕ್ಕೆ ಮನೆ ಸಿಗುವುದು ಕಷ್ಟವಲ್ಲ, ಮತ್ತು ಸದಾ ಜನರನ್ನು ಬಯಸುವ ಅದೇ ಗುಣ, ಹಗಲೆಲ್ಲ ಬೀಗ ಹಾಕಿದ ಮನೆಯಲ್ಲಿ ಪರದೆ ಹರಿಯುವುದಕ್ಕೂ ಬೆಳಗಿನ ಜಾವ ಕೂಗುವುದಕ್ಕೂ ಕಾರಣವಾಗಬಲ್ಲದು. ಇನ್ನೊಂದೆಡೆ, ಹಲಗೆಯ ಮೇಲೆ ಬೆನ್ನು ತಿರುಗಿಸಿ ಕುಳಿತ ಬೆಕ್ಕು ಜನಸಂಗವನ್ನೇ ಒಲ್ಲದ್ದೆಂದು ತೀರ್ಮಾನಿಸುವ ಹಾಗಿಲ್ಲ. ಅದಕ್ಕೆ ಹತ್ತು ಬೆಕ್ಕುಗಳ ವಾಸನೆ ಆಗದಿರಬಹುದು, ಮಧ್ಯಾಹ್ನದ ನಿದ್ದೆಯ ಹೊತ್ತಿರಬಹುದು, ಅಥವಾ ಹಿಂದಿನ ದಿನವಷ್ಟೇ ಅದು ಬಂದಿರಬಹುದು. ಬಿಸಿ ಹಾಲಿನಲ್ಲಿ ಒಮ್ಮೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕು ರಾಜಸಭೆಯಲ್ಲಿ ಹಾಲಿನ ಬಟ್ಟಲು ಕಂಡೊಡನೆ ಓಟ ಕಿತ್ತಿತಲ್ಲ, ಸಭೆಯಲ್ಲಿದ್ದವರು ಅದು ಹಾಲನ್ನೇ ಒಲ್ಲದ ಜಾತಿಯೆಂದು ನಂಬಿದರಲ್ಲ, ಹಾಗೆಯೇ ಇದೂ. ಕೆಫೆಯಲ್ಲಿ ನಿಮಗೆ ಕಾಣುವುದು ಆ ಒಂದು ಗಂಟೆಯ ಬೆಕ್ಕು.

ಅದರ ಉಳಿದ ಗಂಟೆಗಳನ್ನು ಕಂಡವರು ಅಲ್ಲಿಯೇ ಇದ್ದಾರೆ, ಅವರನ್ನು ಕೇಳಿ. ಬಾಗಿಲು ಹಾಕಿದ ಮೇಲೆ ಈ ಬೆಕ್ಕು ಏನು ಮಾಡುತ್ತದೆ? ಯಾರದಾದರೂ ಮನೆಯಲ್ಲಿ ಇದ್ದು ಬಂದಿದೆಯೇ, ಅಲ್ಲಿ ಮಕ್ಕಳಿದ್ದರೇ? ಉಗುರು ಕತ್ತರಿಸುವಾಗ ಹೇಗಿರುತ್ತದೆ? ಹಿಂದೆ ದತ್ತು ಹೋಗಿ ಮರಳಿ ಬಂದದ್ದೇ, ಬಂದಿದ್ದರೆ ಯಾವ ಕಾರಣಕ್ಕೆ? ಈ ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಡುವವರೇ ಹೆಚ್ಚು, ಆದರೆ ಅತಿ ಹೆಚ್ಚು ತಿಳಿಯುವುದು ಅದರಿಂದಲೇ. ಬೆಕ್ಕಿನ ಲ್ಯೂಕೀಮಿಯಾ ವೈರಸ್ ಮತ್ತು ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ಎರಡು ವೈರಸ್‌ಗಳ ಪರೀಕ್ಷೆಯಾಗಿದೆಯೇ, ಲಸಿಕೆಗಳು ಯಾವ ಹಂತದಲ್ಲಿವೆ, ಸಂತಾನಹರಣ ಚಿಕಿತ್ಸೆ ಮತ್ತು ಗುರುತಿನ ಮೈಕ್ರೊಚಿಪ್ ದತ್ತು ಶುಲ್ಕದಲ್ಲಿ ಸೇರಿವೆಯೇ ಎಂಬುದನ್ನೂ ಬರೆದುಕೊಳ್ಳಿ. ಮರಿಯಾದರೆ ಅದಕ್ಕೆ ಸುಮಾರು ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗುವ ಲಸಿಕೆ ನಾಲ್ಕೈದು ತಿಂಗಳು ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ನಡೆಯುತ್ತಿರಬೇಕು.

ಮಗಳಿಗೆ ಮನೆಯಲ್ಲೇ ಒಂದು ಪಾಠ ಹೇಳಿಕೊಟ್ಟು ಕರೆದುಕೊಂಡು ಹೋಗಿ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು, ಬೆಕ್ಕಿನತ್ತ ನೆಟ್ಟ ನೋಟದಿಂದ ನೋಡದಿರುವುದು, ನೋಡಿದರೆ ಕಣ್ಣನ್ನು ನಿಧಾನವಾಗಿ ಅರೆಮುಚ್ಚಿ ತೆರೆಯುವುದು. ಇದು ಅಜ್ಜಿಕಥೆಯಲ್ಲ: ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಚಾಚಿದ ಕೈಯ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬಂದವು. ಹತ್ತಿರ ಬಂದರೆ ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಹಿಡಿಯಲಿ. ಬೆಕ್ಕು ತಾನೇ ಕೆನ್ನೆಯನ್ನು ಉಜ್ಜಿದರೆ ಕೆನ್ನೆ, ಗದ್ದ, ಕಿವಿಗಳ ಬುಡ ಇಷ್ಟನ್ನು ಮುಟ್ಟಲಿ. ಹೊಟ್ಟೆ ಮತ್ತು ಬಾಲದ ಬುಡ ಬೇಡ. ಮೂರು ನಾಲ್ಕು ಸಲ ಸವರಿದ ಮೇಲೆ ಕೈ ಹಿಂದೆಗೆದು ಕಾಯಲಿ. ಇನ್ನೂ ಬೇಕಿದ್ದರೆ ಬೆಕ್ಕೇ ಮುಂದೊತ್ತುತ್ತದೆ. ಬಾಲ ನೆಲಕ್ಕೆ ಬಡಿಯತೊಡಗಿದರೆ, ಕಿವಿಗಳು ಪಕ್ಕಕ್ಕೆ ಮಲಗಿದರೆ, ಬೆನ್ನಿನ ಚರ್ಮ ಅಲೆಯಂತೆ ಕಂಪಿಸಿದರೆ ಆಟ ಮುಗಿಯಿತೆಂದೇ ಅರ್ಥ. ಗಂಟಲಿನಿಂದ ಬರುವ ಮೆಲುವಾದ ಗುರ್‌ಗುರ್ ಸದ್ದೊಂದನ್ನೇ ಸಂತೋಷದ ಗುರುತೆಂದು ನಂಬಬಾರದು, ನೋವಿನಲ್ಲಿರುವ ಬೆಕ್ಕೂ ಅದೇ ಸದ್ದು ಮಾಡುತ್ತದೆ. ಎಂಟು ವರ್ಷದ ಹುಡುಗಿ ಒಂದು ಗಂಟೆಯ ಕಾಲ ಇಷ್ಟನ್ನು ಪಾಲಿಸಿದರೆ ಬೆಕ್ಕು ಸಾಕುವ ಅರ್ಹತೆ ಅವಳಿಗಿದೆ. ಪಾಲಿಸಲಾಗದಿದ್ದರೆ ಇನ್ನೊಂದು ವರ್ಷ ಕಾಯಬಹುದು. ಕೆಫೆಯ ಭೇಟಿಯಿಂದ ಬೆಕ್ಕಿಗಿಂತ ಹೆಚ್ಚಾಗಿ ಮಗಳ ವಿಷಯವೇ ನಿಮಗೆ ತಿಳಿಯುತ್ತದೆ.

ನಿಮ್ಮ ಗರ್ಭಧಾರಣೆಯ ವಿಷಯವಾಗಿ ಭಯ ಹುಟ್ಟಿಸುವ ಹೆಸರು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಇದರ ಸೋಂಕು ಗರ್ಭಿಣಿಗೆ ಹೊಸದಾಗಿ ತಗುಲಿದರೆ ಶಿಶುವಿನ ಕಣ್ಣು ಮತ್ತು ಮೆದುಳಿಗೆ ಹಾನಿಯಾಗಬಹುದು ಎಂಬುದು ನಿಜ. ಆದರೆ ಅದು ಬೆಕ್ಕಿನ ಮೈಯನ್ನು ಸವರುವುದರಿಂದ ಬರುವಂಥದ್ದಲ್ಲ, ಮಲದ ಮೂಲಕ ಬರುತ್ತದೆ. ಅದೂ ಬೆಕ್ಕಿಗೆ ಮೊದಲ ಬಾರಿ ಸೋಂಕು ತಗುಲಿದ ನಂತರದ ಒಂದರಿಂದ ಮೂರು ವಾರಗಳ ಅವಧಿಯಲ್ಲಿ ಮಾತ್ರ ಸಾಮಾನ್ಯವಾಗಿ ಹೊರಬೀಳುತ್ತದೆ. ಹೊರಬಿದ್ದ ಮೇಲೂ ಸೋಂಕು ತಗುಲಿಸುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ದಿನವೂ ಕಸದ ತಟ್ಟೆ ಸ್ವಚ್ಛವಾಗುತ್ತಿದ್ದರೆ ಅಪಾಯ ಬಹಳಷ್ಟು ಇಳಿಯುತ್ತದೆ. ಆ ಕೆಲಸವನ್ನು ಹೆರಿಗೆಯಾಗುವ ತನಕ ನಿಮ್ಮ ಪತಿಯವರೇ ಮಾಡಲಿ, ಬೆಕ್ಕು ತರುವ ಆತುರ ಅವರದೇ ತಾನೆ. ಸರಿಯಾಗಿ ಬೇಯದ ಮಾಂಸ ಮತ್ತು ಮಣ್ಣು ಅಂಟಿದ ತರಕಾರಿ ಈ ಸೋಂಕಿನ ಇನ್ನೆರಡು ದಾರಿಗಳು. ಮೊದಲನೆಯದು ನಿಮ್ಮ ಮನೆಯಲ್ಲಿಲ್ಲ, ಆದರೆ ಹಿತ್ತಲಿನ ಕೊತ್ತಂಬರಿ, ಮೆಂತ್ಯ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಬಳಸಬೇಡಿ, ತೋಟದ ಕೆಲಸಕ್ಕೆ ಕೈಗವಸು ಧರಿಸಿ. ಹಿಂದೆಯೇ ಸೋಂಕು ಬಂದು ಹೋಗಿದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ನಿಮ್ಮ ಪ್ರಸೂತಿ ತಜ್ಞರನ್ನು ಕೇಳಿ. ಕೆಫೆಗೆ ನೀವೂ ಧಾರಾಳವಾಗಿ ಹೋಗಬಹುದು, ಹೊರಬರುವಾಗ ಸೋಪು ಹಾಕಿ ಕೈ ತೊಳೆದರೆ ಸಾಕು.

ಅತ್ತೆಯವರ ವಿಷಯದಲ್ಲಿ ನಾನು ಇಷ್ಟು ಹಗುರವಾಗಿ ಮಾತನಾಡಲಾರೆ. ಕೂದಲು ಆಗದು ಎನ್ನುವುದು ರೂಢಿಯ ಮಾತಾದರೂ ದೋಷ ಕೂದಲಿನದಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಎಣ್ಣೆಗ್ರಂಥಿಗಳಲ್ಲಿ ಉತ್ಪತ್ತಿಯಾಗುವ ಫೆಲ್ ಡಿ 1 ಎಂಬ ಪ್ರೋಟೀನು, ಬೆಕ್ಕು ಮೈ ನೆಕ್ಕಿಕೊಂಡಂತೆಲ್ಲ ತುಪ್ಪಳಕ್ಕೆ ಹರಡಿ, ಒಣಗಿ, ಅತಿ ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ. ಬಟ್ಟೆಗೆ ಅಂಟಿ ಬೆಕ್ಕೇ ಇಲ್ಲದ ಮನೆಗಳಿಗೂ ಹೋಗುತ್ತದೆ. ಬೆಕ್ಕನ್ನು ಮನೆಯಿಂದ ಕಳಿಸಿದ ಮೇಲೂ ಅದು ತಗ್ಗಲು ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ‘ತಂದು ನೋಡೋಣ, ಆಗದಿದ್ದರೆ ಹಿಂದಿರುಗಿಸೋಣ’ ಎಂಬ ಪ್ರಯೋಗ ಅವರ ಶ್ವಾಸಕೋಶದ ಮೇಲೆ ನಡೆಸುವ ಪ್ರಯೋಗವಾಗುತ್ತದೆ. ಅಲರ್ಜಿ ಕೊಡದ ತಳಿ ಎಂದು ಮಾರುವವರ ಮಾತನ್ನು ನಂಬಬೇಡಿ. ಕಡಿಮೆ ಕೊಡುವ ಬೆಕ್ಕುಗಳಿರಬಹುದು, ಕೊಡದ ತಳಿಯಿಲ್ಲ. ಕೆಫೆಯಲ್ಲಿ ಒಂದು ಗಂಟೆ ಕುಳಿತು ಸೀನು ಬರಲಿಲ್ಲವೆಂದರೆ ಅದೂ ಪರೀಕ್ಷೆಯಲ್ಲ. ಅಲರ್ಜಿ ತಜ್ಞರು ಚರ್ಮದ ಮೇಲೆ ಅಥವಾ ರಕ್ತದಲ್ಲಿ ಪರೀಕ್ಷಿಸಿ ಹೇಳಬಲ್ಲರು. ಅಲ್ಲಿಯವರೆಗೆ ಅತ್ತೆಯವರು ಕೆಫೆಗೆ ಬಾರದಿರುವುದೇ ಲೇಸು. ನೀವು ಮೂವರು ಹೋಗಿ ಬಂದ ದಿನ ಬಾಗಿಲಲ್ಲೇ ಬಟ್ಟೆ ಬದಲಿಸಿ, ಸ್ನಾನ ಮಾಡಿ ಒಳಗೆ ಬನ್ನಿ. ಊರಿನಲ್ಲಿ ಇದಕ್ಕೆ ಬೇರೆಯೇ ಕಾರಣಗಳಿದ್ದವು, ಆದರೆ ಅತ್ತೆಯವರಿಗೆ ಈ ಕ್ರಮ ಹೊಸದೆನಿಸದು.

ಸಣ್ಣಪುಟ್ಟ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪರಚಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಕಚ್ಚಿದರೆ ಗಾಯ ಸೂಜಿಮೊನೆಯಷ್ಟಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ, ಏಕೆಂದರೆ ಬೆಕ್ಕಿನ ಚೂಪಾದ ಹಲ್ಲು ಸೋಂಕನ್ನು ಆಳಕ್ಕೆ ಇಳಿಸುತ್ತದೆ. ಎರಡು ಮೂರು ವಾರಗಳೊಳಗೆ ಮಗಳ ಚರ್ಮದ ಮೇಲೆ ಉಂಗುರದಂಥ ಕೆಂಪು ಕಲೆ ಕಂಡರೆ ಅದು ಹುಳುಕಡ್ಡಿಯಾಗಿರಬಹುದು, ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರ, ಔಷಧದಿಂದ ವಾಸಿಯಾಗುತ್ತದೆ. ರಜೆಗೆ ಹಾಸನಕ್ಕೆ ಹೋದಾಗ ಬೀದಿಯ ಬೆಕ್ಕು ಪರಚಿದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ರೇಬಿಸ್ ಲಸಿಕೆಗಾಗಿ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಸಸ್ಯಾಹಾರದ ಬಗ್ಗೆ ನನ್ನ ಉತ್ತರ ಕೆಲವರಿಗೆ ಕಹಿಯಾಗಬಹುದು. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಬೆಕ್ಕಿಗೆ ಹಾಕುತ್ತಿದ್ದದ್ದು ಹಾಲು ಅನ್ನ ಮಾತ್ರ, ಅದು ಚೆನ್ನಾಗಿಯೇ ಬದುಕಿತ್ತು ಎಂದು ನಾನೂ ಬಹುಕಾಲ ನಂಬಿದ್ದೆ. ಅಟ್ಟದ ಮೇಲಿನ ಇಲಿಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿರಲಿಲ್ಲ. ಫ್ಲ್ಯಾಟಿನೊಳಗಿನ ಬೆಕ್ಕಿಗೆ ಆ ಇಲಿಗಳಿಲ್ಲ. ಬೆಕ್ಕಿನ ದೇಹ ಟಾರಿನ್ ಎಂಬ ಪದಾರ್ಥವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಹಜವಾಗಿ ದೊರೆಯುವುದು ಮಾಂಸ, ಮೀನುಗಳಿಂದ. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ನಶಿಸುತ್ತದೆ. ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಮಾರಕ ಕಾಯಿಲೆಗೂ ಈ ಕೊರತೆಯೇ ಕಾರಣ ಎಂಬುದನ್ನು 1987ರಲ್ಲಿ ತೋರಿಸಿಕೊಟ್ಟವರು ನಿಮ್ಮ ಮನೆಯಿಂದ ಬಹಳ ದೂರವಲ್ಲದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಅವರ ಸಂಗಡಿಗರು. ಆಗ ಮಾರುಕಟ್ಟೆಯಲ್ಲಿದ್ದ ಸಿದ್ಧ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೇ ಅದು ಕಂಡುಬಂದದ್ದರಿಂದ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಜೀರ್ಣವಾಗದೆ ಭೇದಿಯಾಗುತ್ತದೆ. ಕೃತಕ ಟಾರಿನ್ ಬೆರೆಸಿದ ಸಸ್ಯಾಹಾರವನ್ನು ನಾನು ಸಲಹೆ ಮಾಡುವುದಿಲ್ಲ. ಅಡುಗೆಮನೆಯಿಂದ ದೂರ, ಬಟ್ಟೆ ಒಗೆಯುವ ಕೋಣೆಯಲ್ಲೋ ಗ್ಯಾರೇಜಿನ ಬಾಗಿಲ ಬಳಿಯೋ ಅದರದೇ ತಟ್ಟೆ, ಅದರದೇ ಚಮಚ, ಅದರದೇ ತೊಳೆಯುವ ಸ್ಪಂಜು ಇಟ್ಟುಕೊಂಡು ಮಾಂಸದ ಡಬ್ಬಿ ತೆರೆಯುವ ನಮ್ಮವರ ಮನೆಗಳನ್ನು ನಾನು ಬಲ್ಲೆ. ಅದೂ ಒಗ್ಗದು ಎನ್ನುವವರು ಮೊಲವನ್ನು ಸಾಕಲಿ. ಬೆಕ್ಕನ್ನು ಸಸ್ಯಾಹಾರಿಯಾಗಿಸುವ ಸಾಹಸ ಬೇಡ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಹೂ ಕಟ್ಟುವ ದಾರವನ್ನು ಬೆಕ್ಕು ನುಂಗಿದರೆ ಕರುಳು ಸುರುಟಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಬಾಯಲ್ಲೋ ಗುದದ್ವಾರದಲ್ಲೋ ದಾರದ ತುದಿ ಕಂಡರೂ ಎಳೆಯದೆ ವೈದ್ಯರ ಬಳಿಗೆ ಒಯ್ಯಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವ ಪದಾರ್ಥವೂ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್, ಅಂದರೆ ಅಲ್ಲಿನ ಟೈಲೆನಾಲ್, ಒಂದೇ ಮಾತ್ರೆಯಲ್ಲಿ ಬೆಕ್ಕನ್ನು ಕೊಲ್ಲಬಲ್ಲದು. ಸೀಮಂತಕ್ಕೆ ಯಾರಾದರೂ ಲಿಲ್ಲಿ ಹೂಗಳ ಗುಚ್ಛ ತಂದರೆ ಅದನ್ನು ಮನೆಯೊಳಗೇ ಇಡಬೇಡಿ. ಅದರ ಪರಾಗ ಮೈಗೆ ಅಂಟಿ ನೆಕ್ಕಿದರೂ ಸಾಕು, ಮೂತ್ರಪಿಂಡ ಕೈಕೊಡುತ್ತದೆ.

ಕೊನೆಗೆ ಕಾಲದ ಮಾತು. ಹೊಸ ಮನೆಗೆ ಬಂದ ಬೆಕ್ಕಿಗೆ ಮಂಚದಡಿಯಿಂದ ಹೊರಬರಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ತನ್ನದೇ ಮನೆ ಎನಿಸಲು ಮೂರು ತಿಂಗಳು ಎಂದು ದತ್ತು ಕೊಡುವವರು ಸ್ಥೂಲವಾಗಿ ಹೇಳುವುದುಂಟು. ನಿಮ್ಮ ಹೆರಿಗೆಗೆ ಐದು ತಿಂಗಳಿದೆ. ಇತ್ತ ಅತ್ತೆಯವರ ಅಲರ್ಜಿ ಪರೀಕ್ಷೆಯೂ ಆಗಬೇಕು, ಬಾಣಂತನಕ್ಕೆ ಅವರು ಇದೇ ಮನೆಯಲ್ಲಿರುವವರೂ ಹೌದು. ನಾನು ನಿಮ್ಮ ಜಾಗದಲ್ಲಿದ್ದರೆ ಈಗಿನಿಂದ ತಿಂಗಳಿಗೊಮ್ಮೆ ಮಗಳನ್ನು ಕೆಫೆಗೆ ಕರೆದುಕೊಂಡು ಹೋಗುತ್ತಿದ್ದೆ, ಅವಳ ಕೈಗೊಂದು ನೋಟ್‌ಪುಸ್ತಕ ಕೊಟ್ಟು, ತನ್ನ ಬಳಿಗೆ ಬಾರದ ಒಂದು ಬೆಕ್ಕಿನ ಬಗ್ಗೆ ಪ್ರತಿ ಸಲವೂ ಬರೆಯಲು ಹೇಳುತ್ತಿದ್ದೆ. ಮುಂದಿನ ಭೇಟಿಯ ಹೊತ್ತಿಗೆ ಆ ಬೆಕ್ಕು ಯಾರದೋ ಮನೆ ಸೇರಿರಬಹುದು. ಆಗ ಅವಳು ಸ್ವಲ್ಪ ಅಳಲಿ. ಮಗು ಹುಟ್ಟಿ ಆರು ತಿಂಗಳಾದ ಮೇಲೆ, ಪರೀಕ್ಷೆಯ ಫಲಿತಾಂಶ ಒಪ್ಪಿದರೆ, ಬುಟ್ಟಿಯನ್ನು ಕೊಂಡುಹೋಗಿ.